ಕಾದ ಬ್ಲೇಡು

ಕಡೂರು

ವಿದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಅತ್ಯಂತ ತೂಕದ ವಸ್ತು ಸಾಮಾನ್ಯವಾಗಿ ಉಪ್ಪಿನಕಾಯಿಯ ಡಬ್ಬಿಯಾಗಿರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದು ರೋಟವೇಟರಿನ ಬ್ಲೇಡುಗಳ ಕಟ್ಟಾಗಿತ್ತು. ರೋಟವೇಟರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಮಣ್ಣನ್ನು ಪುಡಿಮಾಡುತ್ತ ಸಾಗುವ ಯಂತ್ರ. ಅದರ ಸುತ್ತುವ ದಂಡಕ್ಕೆ ಬಾಗಿದ ಉಕ್ಕಿನ ಬ್ಲೇಡುಗಳನ್ನು ಬಿಗಿದಿರುತ್ತಾರೆ. ಚೌಳಹಿರಿಯೂರಿನ ಸುತ್ತಮುತ್ತ ನನ್ನ ಚಿಕ್ಕಪ್ಪ ತಮ್ಮ ಟ್ರ್ಯಾಕ್ಟರಿನಲ್ಲಿ ಊರವರ ಹೊಲಗಳನ್ನೆಲ್ಲ ಹಸನು ಮಾಡಿಕೊಡುತ್ತಾರೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲು ಹೆಚ್ಚು. ಹೊಸ ಬ್ಲೇಡುಗಳು ಒಂದು ಮುಂಗಾರು ಮುಗಿಯುವುದರೊಳಗೆ ಸವೆದು ಮೊಂಡಾಗುತ್ತವೆ. ತರೀಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಅಂಚಿಗೆ ಗಟ್ಟಿ ಲೋಹದ ಪದರ ಹಾಕಿಸಿಕೊಂಡು ಬಂದರೂ ಅದು ಬಿರುಕುಬಿಟ್ಟು ಉದುರಿಹೋಗುತ್ತದೆ.

ಆ ಪದರವನ್ನು ಲೇಸರ್ ಕಿರಣದಿಂದ ಹಾಕಿ, ಬಿರುಕಿಲ್ಲದಂತೆ ನಿಲ್ಲಿಸುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಪದವಿಯ ಮುಖ ಕಂಡವರಲ್ಲಿ ನಮ್ಮ ಮನೆಯಲ್ಲಿ ನಾನೇ ಮೊದಲಿನವಳು. ಆದ್ದರಿಂದ ನಾನು ಓದುತ್ತಿರುವುದೇನೆಂದು ಮನೆಯವರಿಗೆ ವಿವರಿಸುವುದು ಯಾವಾಗಲೂ ಕಷ್ಟದ ಕೆಲಸವಾಗಿತ್ತು. ಈ ಒಂದು ವಿಷಯದಲ್ಲಿ ಮಾತ್ರ ಅದು ಸುಲಭ. ಬ್ಲೇಡು ಯಾಕೆ ಸವೆಯುತ್ತದೆ ಎಂದು ನಾನು ಆರಂಭಿಸಿದರೆ ಸಾಕು, ಉಳಿದದ್ದನ್ನು ಚಿಕ್ಕಪ್ಪನೇ ಮುಂದುವರಿಸುತ್ತಿದ್ದರು.

ಆದರೆ ಬೆಂಗಳೂರಿನಲ್ಲಿ ನಾನು ಮಾಡಿದ ಮಾದರಿಗಳೆಲ್ಲ ಬಿರುಕುಬಿಟ್ಟವು. ನನ್ನ ಮಾರ್ಗದರ್ಶಕರು ಸೌಮ್ಯ ಸ್ವಭಾವದವರು. ಫಿನ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ಮೂರು ತಿಂಗಳ ಅವಕಾಶ ಕೊಡಿಸಿದರು. ಬಿರುಕಿಲ್ಲದ ಒಂದು ಬ್ಲೇಡನ್ನಾದರೂ ತರಲಾಗದಿದ್ದರೆ ಈ ವಿಷಯವನ್ನು ಕೈಬಿಟ್ಟು ವಿಮಾನದ ಭಾಗಗಳ ಮಿಶ್ರಲೋಹವೊಂದರ ಮೇಲೆ ಕೆಲಸ ಮಾಡಬೇಕಾಗುತ್ತದೆ ಎಂದೂ ಸ್ಪಷ್ಟವಾಗಿ ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ವಿಮಾನದ ಲೋಹವೂ ಗೌರವದ ವಿಷಯವೇ. ಆದರೆ ನಮ್ಮ ಹೊಲಕ್ಕೂ ನನ್ನ ಓದಿಗೂ ನಡುವೆ ಇದ್ದ ಕೊಂಡಿ ಇದೊಂದೇ. ಅದು ಕಳಚಿದರೆ ಮುಂದೆ ನಾನು ಮನೆಯಲ್ಲಿ ಕುಳಿತು ಏನನ್ನು ಮಾತನಾಡಲಿ ಎಂಬ ಭಯ ನನ್ನದಾಗಿತ್ತು.

ಕಡೂರಿನ ಪ್ಲಾಟ್‌ಫಾರ್ಮಿಗೆ ಚಿಕ್ಕಪ್ಪ ಬ್ಲೇಡುಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದರು. ಚೀಲದ ಮೇಲಿನ ಯೂರಿಯಾ ಎಂಬ ಅಕ್ಷರಗಳು ವಿಮಾನದಲ್ಲಿ ಅನುಮಾನಕ್ಕೆ ಕಾರಣವಾಗಬಹುದೆಂದು ನಾನು ಅಲ್ಲೇ ಚೀಲ ಬಿಚ್ಚಿಸಿ, ಬೀಳ್ಕೊಡಲು ಬಂದಿದ್ದ ಅಮ್ಮನಿಂದ ಅವರ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಸಿದೆ. ಚಿಕ್ಕಪ್ಪನಿಗೆ ನಗು.

"ಬ್ಲೇಡಿಗೆ ಸೀರೆ ಉಡಿಸಿ ಕಳಿಸ್ತಾ ಇದೀವಿ ಕಣ್ರಪ್ಪಾ" ಎಂದು ಪಕ್ಕದಲ್ಲಿದ್ದವರಿಗೆ ಹೇಳಿದರು. ರೈಲು ಕಂಡಮೇಲೆ ದನಿ ತಗ್ಗಿಸಿ ನನಗೆ ಹೇಳಿದರು: "ಇವು ಮುರುದ್ರೆ ಮುರೀಲಿ, ಇನ್ನೊಂದ್ ಜೊತೆ ತರಬೌದು. ನೀನ್ ಹುಷಾರು ಕಣವ್ವಾ."

ಹೆಲ್ಸಿಂಕಿ

ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಣಿಯೊಬ್ಬರು ನನ್ನ ಪೆಟ್ಟಿಗೆಯನ್ನು ಬದಿಗೆ ತೆಗೆಸಿದರು. ಇಂಥ ಸಂದರ್ಭ ಬರಬಹುದೆಂದು ನಾನು ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಅವೆರಡನ್ನೂ ಕೇಳಲಿಲ್ಲ. ಸೀರೆಯ ಗಂಟು ಬಿಚ್ಚಿ, ಬಾಗಿದ ಬ್ಲೇಡನ್ನು ಎತ್ತಿ ಹಿಡಿದು, ಇದು ಆಯುಧವೇ ಎಂದಷ್ಟೇ ಕೇಳಿದರು.

ಅಲ್ಲ ಎಂದು ಕೂಡಲೇ ಹೇಳಬೇಕಿತ್ತು. ಆದರೆ ತಪ್ಪು ಉತ್ತರ ಕೊಡಬಾರದೆಂಬ ನನ್ನ ಹಳೆಯ ಅಭ್ಯಾಸ ಅಡ್ಡ ಬಂತು. ನವರಾತ್ರಿಯಲ್ಲಿ ಈ ಬ್ಲೇಡುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಪೂಜೆ ಮಾಡುವುದನ್ನು ನಾನು ಕಣ್ಣಾರೆ ಕಂಡವಳು. ಆಯುಧವಲ್ಲದಿದ್ದರೆ ಆಯುಧಪೂಜೆಯಲ್ಲಿ ಅವುಗಳಿಗೆ ಜಾಗವೇಕೆ? ನಾನು ಯೋಚಿಸುತ್ತ ನಿಂತ ಆ ಒಂದು ಕ್ಷಣದ ಮೌನವೇ ಸಾಕಾಯಿತು. ಪೆಟ್ಟಿಗೆಯ ಎಲ್ಲ ವಸ್ತುಗಳೂ ಮೇಜಿನ ಮೇಲೆ ಬಂದವು. ಚಟ್ನಿಪುಡಿ, ರಾಗಿಹಿಟ್ಟು, ಒಳ ಉಡುಪು, ಎಲ್ಲವೂ. ಕೊನೆಗೆ ನಾನು ಬಗ್ಗಿ, ಕೈಯಿಂದ ನೆಲ ಅಗೆಯುವಂತೆ ತೋರಿಸಿದೆ. ಆಕೆಯ ಮುಖ ಸಡಿಲಗೊಂಡಿತು. ತಮ್ಮ ಅಜ್ಜನಿಗೂ ಹೊಲವಿತ್ತೆಂದೂ ಅಲ್ಲಿಯೂ ಕಲ್ಲೇ ಹೆಚ್ಚೆಂದೂ ಹೇಳಿ, ಸೀರೆಯ ಗಂಟನ್ನು ತಾವೇ ಕಟ್ಟಿಕೊಟ್ಟರು. ನಮ್ಮಮ್ಮ ಕಟ್ಟಿದ್ದಕ್ಕಿಂತ ಅದು ಬಿಗಿಯಾಗಿತ್ತು.

ಸರೋವರದ ಊರು

ಪ್ರಯೋಗಾಲಯವಿದ್ದದ್ದು ದೇಶದ ಪೂರ್ವದಂಚಿನ ಒಂದು ಸಣ್ಣ ಊರಿನಲ್ಲಿ. ಊರಿನ ಮೂರು ಕಡೆಯೂ ಸರೋವರ. ನಾನು ತಲುಪಿದಾಗ ಅದೆಲ್ಲ ಹೆಪ್ಪುಗಟ್ಟಿ ಬಿಳಿಯ ಬಯಲಾಗಿತ್ತು.

ಅಲ್ಲಿಯವರ ಬಗ್ಗೆ ಮೊದಲಿಗೆ ಹೇಳಬೇಕಾದದ್ದು ಅವರ ಮೌನ. ಬಸ್ ನಿಲ್ದಾಣದಲ್ಲಿ ಒಬ್ಬರಿಂದೊಬ್ಬರು ಮಾರುದ್ದ ದೂರದಲ್ಲಿ ನಿಲ್ಲುತ್ತಾರೆ. ಅಜ್ಜಂಪುರದ ಬಸ್ಸಿನಲ್ಲಿ ಪರಿಚಯವಿಲ್ಲದ ಹೆಂಗಸು ತನ್ನ ಮಗುವನ್ನು ನಮ್ಮ ತೊಡೆಯ ಮೇಲೆ ಕೂರಿಸಿ, ಯಾರ ಪೈಕಿ ಎಂದು ವಿಚಾರಿಸುತ್ತಾಳೆ. ಇಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವರು ಇಳಿಯಬೇಕಾದಾಗಲೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಚೀಲವನ್ನು ಸ್ವಲ್ಪ ಅಲುಗಿಸುತ್ತಾರೆ, ನಾವು ಅರ್ಥಮಾಡಿಕೊಳ್ಳಬೇಕು. ಮನೆಯೊಳಕ್ಕೆ ಹೋಗುವಾಗ ನಮ್ಮಂತೆಯೇ ಪಾದರಕ್ಷೆಗಳನ್ನು ಬಾಗಿಲಲ್ಲೇ ಬಿಡುತ್ತಾರೆ. ಅದನ್ನು ಕಂಡ ದಿನ ನನ್ನ ಬೂಟುಗಳನ್ನೂ ಅವರ ಸಾಲಿನ ಪಕ್ಕ ಜೋಡಿಸಿಟ್ಟೆ.

ಲೇಸರ್ ಯಂತ್ರವನ್ನು ನಡೆಸುತ್ತಿದ್ದವರ ಹೆಸರು ಯೂಹಾ. ನಮ್ಮ ತಂದೆಯ ವಯಸ್ಸಿನವರು. ಅವರು ಹೌದು ಎನ್ನುವ ರೀತಿಗೆ ಹೊಂದಿಕೊಳ್ಳಲು ನನಗೆ ಸಮಯ ಹಿಡಿಯಿತು. ಉಸಿರನ್ನು ಒಳಗೆಳೆದುಕೊಳ್ಳುತ್ತ "ಯೋ" ಎನ್ನುತ್ತಿದ್ದರು. ಆ ನಾಡಿನಲ್ಲಿ ಅನೇಕರ ರೂಢಿ ಅದಂತೆ. ಮೊದಲ ದಿನ ನಾನು ಯಾವುದೋ ಗುಂಡಿಯನ್ನು ತಪ್ಪಾಗಿ ಒತ್ತಿದ್ದರಿಂದ ಅವರು ಬೆಚ್ಚಿಬಿದ್ದರೆಂದೇ ತಿಳಿದು ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

ಊಟವಾಯಿತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನನ್ನಷ್ಟಕ್ಕೆ ನಾನೇ ಅದನ್ನು ಕೆಲವು ಸಲ ಕೇಳಿಕೊಂಡಿದ್ದೇನೆ. ಕನ್ನಡದಲ್ಲಿ, ಜೋರಾಗಿ, ಕೋಣೆಯ ಬಾಗಿಲು ಹಾಕಿಕೊಂಡು.

ಪ್ರಯೋಗಾಲಯ

ಓದುಗರಿಗೆ ನಾನು ಮಾಡುತ್ತಿದ್ದ ಕೆಲಸವನ್ನು ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ. ಗಾಜಿನ ಕಿಟಕಿಯಿರುವ ಪೆಟ್ಟಿಗೆಯೊಳಗೆ, ಬಿಸಿಮಾಡಿದ ತಟ್ಟೆಯ ಮೇಲೆ ಬ್ಲೇಡನ್ನು ಮಲಗಿಸುತ್ತೇವೆ. ಮೇಲಿನಿಂದ ಲೇಸರ್ ಕಿರಣ ಬೀಳುತ್ತದೆ. ಅದೇ ಜಾಗಕ್ಕೆ ಸಣ್ಣ ಕೊಳವೆಯಿಂದ ಗಟ್ಟಿ ಲೋಹದ ಪುಡಿ ಸುರಿಯುತ್ತದೆ. ಅಲ್ಲಿ ಜೋಳದ ಕಾಳಿನಷ್ಟು ದೊಡ್ಡ ದ್ರವಲೋಹದ ಹೊಂಡವೊಂದು ಹುಟ್ಟುತ್ತದೆ. ಕಿರಣ ಮುಂದೆ ಸರಿದಂತೆ ಹೊಂಡವೂ ಅದರ ಜೊತೆ ಸರಿಯುತ್ತದೆ, ಹಿಂದೆ ಬಿಟ್ಟುಹೋದ ಭಾಗ ಗಟ್ಟಿಯಾಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುವ ಕೆಲಸ.

ಆ ಪುಟ್ಟ ಹೊಂಡದಲ್ಲಿ ಲೋಹ ಸುಮ್ಮನೆ ನಿಂತಿರುವುದಿಲ್ಲ. ನಡುವೆ ಬಿಸಿ ಹೆಚ್ಚು, ಅಂಚಿನಲ್ಲಿ ಕಡಿಮೆ. ಬಿಸಿಯಾದಲ್ಲಿ ದ್ರವದ ಮೇಲ್ಮೈಯ ಎಳೆತ ಸಡಿಲವಾಗುತ್ತದೆ, ಅಂಚಿನಲ್ಲಿ ಬಿಗಿಯಾಗಿಯೇ ಇರುತ್ತದೆ. ಹಾಗಾಗಿ ದ್ರವ ನಡುವಿನಿಂದ ಅಂಚಿಗೆ ಹರಿದು, ಅಲ್ಲಿ ಕೆಳಗಿಳಿದು, ತಳದಿಂದ ಮತ್ತೆ ನಡುವಿಗೆ ಮರಳುತ್ತದೆ. ತೆಂಗಿನ ಪಾತಿಗೆ ನೀರು ಬಿಟ್ಟಾಗ ಅದು ಬುಡದಿಂದ ಬದುವಿನ ಕಡೆಗೆ ಓಡಿ, ಕಸಕಡ್ಡಿಯನ್ನೆಲ್ಲ ಅಂಚಿಗೆ ಒಯ್ದು ಹಾಕುವುದನ್ನು ನೆನೆಸಿಕೊಂಡರೆ ಚಿತ್ರ ಸಿಗುತ್ತದೆ. ಈ ಹರಿವೇ ಹೊಂಡ ಅಗಲವಾಗಬೇಕೋ ಆಳವಾಗಬೇಕೋ ಎಂಬುದನ್ನು ನಿರ್ಧರಿಸುತ್ತದೆ. ಗಟ್ಟಿಯಾಗುವುದು ಅಂಚಿನಿಂದ. ಬದುವಿನಿಂದ ಹೊಲದೊಳಕ್ಕೆ ಗರಿಕೆ ಹಬ್ಬುವ ಹಾಗೆ ಲೋಹದ ಹರಳುಗಳು ತಣ್ಣಗಿನ ಅಂಚಿನಲ್ಲಿ ಬೇರೂರಿ, ಬಿಸಿಯಿರುವ ನಡುವಿನ ಕಡೆಗೆ ಉದ್ದುದ್ದ ಬೆಳೆಯುತ್ತವೆ. ಎರಡೂ ಕಡೆಯಿಂದ ಬಂದ ಹರಳುಗಳು ನಡುವೆ ಸಂಧಿಸುತ್ತವೆ. ನನ್ನ ಬಿರುಕುಗಳು ಹುಟ್ಟುವುದು ಆ ಸಂಧಿಯಲ್ಲೇ ಎಂದು ನಾನು ನಂಬಿದ್ದೆ.

ಆದ್ದರಿಂದ ವಾರಗಟ್ಟಲೆ ಹರಿವನ್ನು ಬದಲಿಸಲು ಯತ್ನಿಸಿದೆ. ಕಿರಣದ ವೇಗ ಹೆಚ್ಚಿಸಿದೆ, ತಗ್ಗಿಸಿದೆ; ಶಕ್ತಿ ಹೆಚ್ಚಿಸಿದೆ, ತಗ್ಗಿಸಿದೆ. ಪ್ರತಿ ಸಲವೂ ಕೆಲಸ ಮುಗಿದ ಕೂಡಲೇ ತಟ್ಟೆಯ ಬಿಸಿ ಆರಿಸಿ, ಬ್ಲೇಡನ್ನು ಹೊರತೆಗೆದು ಗಾಳಿಗೆ ಇಡುತ್ತಿದ್ದೆವು. ಆರಿದ ಮೇಲೆ ಪದರಕ್ಕೆ ಕೆಂಪು ದ್ರವ ಸವರಿ, ಒರೆಸಿ, ಬಿಳಿಯ ಪುಡಿಯನ್ನು ಸಿಂಪಡಿಸುತ್ತಿದ್ದೆವು. ಬಿರುಕಿದ್ದರೆ ಅದರೊಳಗೆ ಉಳಿದ ಕೆಂಪು ಮೇಲಕ್ಕೆ ಜಿನುಗಿ ಗೆರೆ ಮೂಡಿಸುತ್ತದೆ. ಪ್ರತಿ ಸಲವೂ ಗೆರೆ ಮೂಡಿತು. ಬಿಳಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ.

ಯೂಹಾ ಮುಂದಿನ ಬ್ಲೇಡನ್ನು ತಂದಿಡುತ್ತಿದ್ದರು. ಸೀರೆಯ ಗಂಟು ದಿನೇ ದಿನೇ ಸಡಿಲಾಗುತ್ತ ಬಂತು.

ಮಂಜುಗಡ್ಡೆಯ ಮೇಲೆ

ಒಂದು ಭಾನುವಾರ ಯೂಹಾ ನನ್ನನ್ನು ಸರೋವರದ ಮೇಲೆ ನಡೆಯಲು ಕರೆದರು. ಬುಕ್ಕಾಂಬುಧಿ ನನ್ನ ತಾಯಿಯ ತವರು. ಅಲ್ಲಿಯ ದೊಡ್ಡ ಕೆರೆಯ ಏರಿಯ ಮೇಲೆ ನಡೆದು ಬೆಳೆದವಳಿಗೆ ಕೆರೆಯ ನೀರಿನ ಮೇಲೆ, ಅದೂ ಬೂಟು ಹಾಕಿಕೊಂಡು ಕಾಲಿಡಲು ಧೈರ್ಯ ಬರಲಿಲ್ಲ. ಮುಳುಗುವ ಭಯಕ್ಕಿಂತ ಅದು ಮರ್ಯಾದೆಯಲ್ಲ ಎಂಬ ಅಳುಕೇ ಹೆಚ್ಚಾಗಿತ್ತು. ದಡದಲ್ಲಿ ಬಗ್ಗಿ ಮಂಜುಗಡ್ಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೆಜ್ಜೆಯಿಟ್ಟೆ. ಯೂಹಾ ಅದನ್ನು ನೋಡಿದರು, ಕಾರಣ ಕೇಳಲಿಲ್ಲ.

ಅಲ್ಲಲ್ಲಿ ಜನ ಪುಟ್ಟ ಸ್ಟೂಲುಗಳ ಮೇಲೆ ಕುಳಿತು, ತೂತಿನೊಳಕ್ಕೆ ದಾರ ಬಿಟ್ಟು ಮೀನಿಗಾಗಿ ಕಾಯುತ್ತಿದ್ದರು. ಯೂಹಾ ಕೂಡ ಮಂಜುಗಡ್ಡೆಯನ್ನು ಕೊರೆದು ಒಂದು ತುಂಡನ್ನು ಹೊರಗೆಳೆದರು. ಮೇಲ್ಭಾಗ ಕೊಬ್ಬರಿಯಂತೆ ಬೆಳ್ಳಗೆ, ಕೆಳಭಾಗ ಗಾಜಿನಂತೆ ತಿಳಿಯಾಗಿತ್ತು. ಹಿಮ ಬಿದ್ದು ನೆನೆದು ಗಟ್ಟಿಯಾದ ಮೇಲ್ಭಾಗದಲ್ಲಿ ಹರಳುಗಳು ಸಣ್ಣವು, ದಿಕ್ಕಿಲ್ಲದವು. ಕೆಳಗಿನದು ನಿಧಾನವಾಗಿ ಆಳಕ್ಕೆ ಬೆಳೆದದ್ದು. ಅಲ್ಲಿ ಹರಳುಗಳು ಕಂಬಗಳಂತೆ ಉದ್ದ. ನನ್ನ ಲೋಹದಲ್ಲಿ ಸೂಕ್ಷ್ಮದರ್ಶಕವಿಲ್ಲದೆ ಕಾಣದ್ದು ಇಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅಮ್ಮನಿಗೆ ಹರಳುಗಳು ಬೇಕಿರಲಿಲ್ಲ.

"ಕೆರೆ ಮ್ಯಾಲೆ ನಡದ್ಯಾ? ನಿಂಗೆ ಬುದ್ಧಿ ನೆಟ್ಟಗೈತೇನೇ?" ಎಂದರು. ಸ್ವಲ್ಪ ತಡೆದು ಕೇಳಿದರು: "ಬಿಸಿಲಾದ್ರೂ ಐತಾ ಅಲ್ಲಿ?"

ಇದೆ, ಆದರೆ ಬಿಸಿಯಿಲ್ಲ ಎಂದೆ. ಬಿಸಿಯಿಲ್ಲದ ಬಿಸಿಲು ಎಂಥದ್ದೆಂದು ಅಮ್ಮನಿಗೆ ಹೇಳಲು ಬೇರೆ ಪದ ನನ್ನಲ್ಲಿರಲಿಲ್ಲ.

ಒಂದು ವಿದಾಯ

ಮೂರು ತಿಂಗಳು ಮುಗಿಯುತ್ತ ಬಂದಿತ್ತು. ಪದರ ಹಾಕದ ಎರಡೇ ಬ್ಲೇಡುಗಳು ಉಳಿದಿದ್ದವು. ಆ ದಿನ ಸಂಜೆ ವಿಡಿಯೋ ಕರೆಗೆ ಸಿದ್ಧಳಾಗಿರುವಂತೆ ಮಾರ್ಗದರ್ಶಕರಿಂದ ಸಂದೇಶ ಬಂತು. ವಿಷಯ ಬದಲಿಸುವ ಬಗ್ಗೆ ಮಾತನಾಡಲಿಕ್ಕೆಂದು ಅದರಲ್ಲೇ ಇತ್ತು. ಅವಸರದಲ್ಲಿ ಒಂದು ಬ್ಲೇಡಿಗೆ ಪದರ ಹಾಕಿ ಮುಗಿಸಿ, ಕೋಟು ತೊಟ್ಟುಕೊಂಡು ಬಸ್ಸಿಗೆ ಓಡಿದೆ.

ಬೇರೆ ದಿನಗಳಲ್ಲೆಲ್ಲ ಯೂಹಾ ನನಗಿಂತ ಮೊದಲು ಮನೆಗೆ ಹೊರಡುತ್ತಿದ್ದರು. ಅವರನ್ನು ಹಿಂದೆ ಬಿಟ್ಟು ನಾನು ಹೊರಟದ್ದು ಅದೇ ಮೊದಲ ಸಲ. ಬಾಗಿಲಲ್ಲಿ ನಿಂತು, ನಮ್ಮಲ್ಲಿ ಯಾರೇ ಆದರೂ ಹೇಳುವ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ: ಹೋಗಿ ಬರುತ್ತೇನೆ. ಅವರು ಉಸಿರು ಒಳಗೆಳೆದುಕೊಂಡು "ಯೋ" ಎಂದರು.

ಕರೆಯಲ್ಲಿ ಮಾರ್ಗದರ್ಶಕರು ಬೇಸರಿಸಿಕೊಳ್ಳಲಿಲ್ಲ. ಪ್ರಯತ್ನದಲ್ಲಿ ಕೊರತೆಯಿರಲಿಲ್ಲ ಎಂದರು. ಹೊಸ ವಿಷಯದ ಬಗ್ಗೆ ಓದಬೇಕಾದ ಲೇಖನಗಳನ್ನು ಕಳುಹಿಸಿರುವುದಾಗಿಯೂ ತಿಳಿಸಿದರು. ನಾನು ಸರಿ ಸರ್ ಎಂದೆ. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪ ಬ್ಲೇಡಿನ ಮಾತೆತ್ತುವುದನ್ನೂ, ನಾನು ವಿಮಾನದ ಲೋಹವನ್ನು ಎಲ್ಲಿಂದ ಆರಂಭಿಸಲಿ ಎಂದು ತಡಕಾಡುವುದನ್ನೂ, ಅವರು ಗೌರವದಿಂದ ಸುಮ್ಮನಾಗುವುದನ್ನೂ ನೆನೆದೆ. ಆ ಗೌರವವೇ ನನಗೆ ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ಯೂಹಾ ನಾನು ಬರುವುದನ್ನೇ ನೋಡುತ್ತ ಕಾಫಿಯ ಮೇಜಿನ ಬಳಿ ನಿಂತಿದ್ದರು.

"ನೀವು ಬರುತ್ತೇನೆ ಎಂದಿರಿ" ಎಂದರು. "ಬರಲಿಲ್ಲ."

ನಾನು ವಾಪಸು ಬಂದು ಇನ್ನೊಂದು ಪದರ ಹಾಕುತ್ತೇನೆಂದು ಅವರು ತಿಳಿದಿದ್ದರು. ಹಾಗಾಗಿ ತಟ್ಟೆಯ ಬಿಸಿಯನ್ನು ಆರಿಸದೆ, ಬ್ಲೇಡನ್ನು ತೆಗೆಯದೆ ಬಹಳ ಹೊತ್ತು ಕಾದಿದ್ದರು. ತಂದಿದ್ದ ಬ್ರೆಡ್ಡನ್ನು ಅಲ್ಲಿಯೇ ತಿಂದಿದ್ದರು. ಕೊನೆಗೆ, ಅಷ್ಟು ಹೊತ್ತು ಬಿಸಿಯಲ್ಲಿದ್ದುದನ್ನು ಒಮ್ಮೆಲೇ ಹೊರತೆಗೆಯುವುದು ಬೇಡವೆಂದು, ಬಿಸಿ ತಾನಾಗಿಯೇ ನಿಧಾನವಾಗಿ ಇಳಿಯುವಂತೆ ಯಂತ್ರಕ್ಕೆ ಹೇಳಿ ಮನೆಗೆ ಹೋಗಿದ್ದರು.

ನಾಚಿಕೆಯಿಂದ ನನ್ನ ಇಂಗ್ಲಿಷಿನ ವ್ಯಾಕರಣವೆಲ್ಲ ಚದುರಿಹೋಯಿತು. ನಮ್ಮಲ್ಲಿ ಹೊರಡುವಾಗ ಹೋಗುತ್ತೇನೆ ಎಂದಷ್ಟೇ ಹೇಳುವುದು ಅಶುಭವೆಂದೂ, ಅಂಗಡಿಗೆ ಹೋಗುವವರೂ ದೇಶ ಬಿಟ್ಟು ಹೋಗುವವರೂ ಹೋಗಿ ಬರುತ್ತೇನೆ ಎನ್ನುತ್ತಾರೆಂದೂ, ಅದು ಆ ದಿನವೇ ಬರುತ್ತೇನೆಂಬ ಅರ್ಥವಲ್ಲವೆಂದೂ ತಡವರಿಸಿ ವಿವರಿಸಿದೆ.

ಯೂಹಾ ನನ್ನ ಬಟ್ಟಲಿಗೆ ಕಾಫಿ ಸುರಿದರು. ಅವರ ಭಾಷೆಯಲ್ಲಿಯೂ ಅಂಥ ಪದವೊಂದಿದೆ ಎಂದರು. ಹೋಗುವುದು, ಬರುವುದು ಎರಡೂ ಸೇರಿ ಒಂದೇ ಕ್ರಿಯಾಪದ. ಕ್ಯಾಯ್ದಾ ಎಂದು ಉಚ್ಚರಿಸಿ ತೋರಿಸಿದರು.

"ಆದರೆ ಅದನ್ನು ಹೇಳಿದವರು ಬಂದೇ ಬರುತ್ತಾರೆ" ಎಂದರು.

"ನಮ್ಮವರೂ ಬರುತ್ತಾರೆ" ಎಂದೆ. "ಯಾವಾಗ ಎಂಬುದನ್ನು ಮಾತ್ರ ಹೇಳುವುದಿಲ್ಲ."

ಅವರು ಮೊದಲ ಬಾರಿಗೆ ನಕ್ಕರು.

ಬ್ಲೇಡು ಹಾಳಾಗಿರಬಹುದೆಂದು ಇಬ್ಬರೂ ಭಾವಿಸಿದ್ದೆವು. ಆದರೂ ಪದ್ಧತಿಯಂತೆ ಕೆಂಪು ದ್ರವ ಸವರಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸಿದೆ. ಕಾದೆವು. ಬಿಳಿ ಬಿಳಿಯಾಗಿಯೇ ಉಳಿಯಿತು. ಪುಡಿ ಸರಿಯಾಗಿ ಬಿದ್ದಿಲ್ಲವೆಂದುಕೊಂಡು ಎಲ್ಲವನ್ನೂ ತೊಳೆದು ಮತ್ತೆ ಮಾಡಿದೆ. ಗೆರೆಯಿಲ್ಲ. ಯೂಹಾ ತಮ್ಮ ಕನ್ನಡಕ ಒರೆಸಿಕೊಂಡು ಬಂದು ನೋಡಿದರು. ಗೆರೆಯಿರಲಿಲ್ಲ.

ಅದು ಆಕಸ್ಮಿಕವಲ್ಲವೆಂದು ತಿಳಿಯಲು ಕೊನೆಯ ಬ್ಲೇಡಿಗೂ ಅದೇ ರೀತಿ ಪದರ ಹಾಕಿ, ಅಷ್ಟೇ ಹೊತ್ತು ಬಿಸಿಯಲ್ಲಿಟ್ಟು, ಅಷ್ಟೇ ನಿಧಾನವಾಗಿ ಆರಿಸಿದೆವು. ಅದೂ ಬಿರುಕಿಲ್ಲದೆ ನಿಂತಿತು. ಮೊದಲನೆಯದರ ತುದಿಯಿಂದ ಸಣ್ಣ ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅದೇ ಹರಳುಗಳು, ಅಂಚಿನಿಂದ ನಡುವಿಗೆ ಅದೇ ಬಗೆಯಲ್ಲಿ ಬೆಳೆದು ಅಲ್ಲಿಯೇ ಸಂಧಿಸಿದ್ದವು. ಹರಿವಿನಲ್ಲಿ ಏನೂ ಬದಲಾಗಿರಲಿಲ್ಲ. ದ್ರವ ಗಟ್ಟಿಯಾಗುವಾಗ ಬಿರುಕು ಹುಟ್ಟುತ್ತದೆಂಬ ನನ್ನ ನಂಬಿಕೆಯೇ ಸರಿಯಿರಲಿಲ್ಲ. ಅದು ಹುಟ್ಟುತ್ತಿದ್ದದ್ದು ಆಮೇಲೆ, ಪದರವೂ ಕೆಳಗಿನ ಉಕ್ಕೂ ಅವಸರದಲ್ಲಿ ಆರುತ್ತ ಒಂದನ್ನೊಂದು ಎಳೆದಾಡುವಾಗ. ನಿಧಾನವಾಗಿ ಆರಿದ್ದರಿಂದ ಗಡಸುತನ ತುಸು ಇಳಿದಿತ್ತು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಹೇಳಿದೆ. ಯಂತ್ರದವರು ನನಗಾಗಿ ಕಾದರು, ಅವರ ಜೊತೆ ಬ್ಲೇಡೂ ಕಾಯಿತು.

"ಇಬ್ಬರೂ ಕಾದ್ರಾ?" ಎಂದು ಅವರು ನಕ್ಕರು. "ಹೆಂಚು ಕಾಯೋದೂ ಕಾಯೋದೇ, ಬಸ್ಸಿಗ್ ಕಾಯೋದೂ ಕಾಯೋದೇ. ನಾವೂ ಕಾಯ್ತಾ ಇದೀವಿ ಕಣವ್ವಾ, ಬಿರುಕೇನ್ ಬಿಟ್ಟಿಲ್ಲ."

ಯೂಹಾಗೆ ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಪ್ರಯತ್ನಿಸಿ ಸೋತೆ. ಎರಡು ಅರ್ಥಕ್ಕೂ ಆ ಭಾಷೆಯಲ್ಲಿ ಬೇರೆ ಬೇರೆ ಪದಗಳಿದ್ದವು.

ಉಳಿದ ಬೇಸಿಗೆ

ನನ್ನ ವಿಷಯ ಉಳಿಯಿತು. ಮಾರ್ಗದರ್ಶಕರು ಸಂತೋಷಪಟ್ಟರು. ಅದೇ ಮಾತಿನ ಮುಂದುವರಿಕೆಯಾಗಿ, ಬಿಸಿಯನ್ನು ಇಷ್ಟು ನಯವಾಗಿ ಇಳಿಸುವ ಪೆಟ್ಟಿಗೆ ನಮ್ಮಲ್ಲಿಲ್ಲದ್ದರಿಂದ ಮಳೆಗಾಲ ಮುಗಿಯುವವರೆಗೂ ಅಲ್ಲಿಯೇ ಇದ್ದು ಕೆಲಸ ಪೂರೈಸುವುದು ಉಚಿತ ಎಂದರು. ಪ್ರಯೋಗಾಲಯದವರೂ ಒಪ್ಪಿದರು. ನಾನು ಕೂಡಲೇ ಧನ್ಯವಾದ ಹೇಳಿದೆ. ಆಮೇಲೆ ಕೋಟುಗಳನ್ನು ತೂಗುಹಾಕುವ ಕೋಣೆಗೆ ಹೋಗಿ, ಬೇರೆಯವರ ಕೋಟುಗಳ ನಡುವೆ ಸ್ವಲ್ಪ ಹೊತ್ತು ನಿಂತಿದ್ದೆ.

ಮುಂಗಾರಿನ ಮೊದಲ ಹದಕ್ಕೆ ಹೊಲದಲ್ಲಿ ನಿಂತು, ನನ್ನ ಬ್ಲೇಡುಗಳು ನಮ್ಮ ಮಣ್ಣಿಗಿಳಿಯುವುದನ್ನು ನೋಡಬೇಕೆಂಬುದು ನಾನು ಯಾರಿಗೂ ಹೇಳದ ಆಸೆಯಾಗಿತ್ತು. ಈಗ ಬ್ಲೇಡುಗಳು ಹೋಗಬಹುದಿತ್ತು, ನಾನು ಹೋಗುವಂತಿರಲಿಲ್ಲ.

ಬಿರುಕುಬಿಟ್ಟಿದ್ದ ಹಳೆಯ ಪದರಗಳನ್ನು ಉಜ್ಜಿ ತೆಗೆದು, ಹೊಸದಾಗಿ ಪದರ ಹಾಕಿ, ಊರ ಕಡೆ ಹೊರಟಿದ್ದ ಭದ್ರಾವತಿಯ ಒಂದು ಕುಟುಂಬದೊಂದಿಗೆ ಬ್ಲೇಡುಗಳನ್ನು ಕಳುಹಿಸಿದೆ. ಅದೇ ಸೀರೆಯ ತುಂಡಿನಲ್ಲಿ ಕಟ್ಟಿದೆ. ಅಷ್ಟರಲ್ಲಿ ಸರೋವರ ಕರಗಿ ನೀಲಿಯಾಗಿತ್ತು. ದಡದಲ್ಲಿ ಜನ ಬಟ್ಟೆ ಕಳಚಿ ಬಿಸಿಲಿಗೆ ಮಲಗುತ್ತಿದ್ದರು. ಬಿಸಿಲು ಕಂಡರೆ ನೆರಳು ಹುಡುಕುವ ಊರಿನವಳಾದ ನಾನು ಮರದ ಕೆಳಗೆ ಕುಳಿತಿದ್ದರೆ, ಅನಾರೋಗ್ಯವೇ ಎಂದು ಕೇಳುತ್ತಿದ್ದರು. ಅಷ್ಟೂ ದಿನ ಮಾತನಾಡದವರು ಆ ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತಿದ್ದರು.

ಚಿಕ್ಕಪ್ಪ ದಂಡದ ಒಂದು ಕಡೆಗೆ ನನ್ನ ಬ್ಲೇಡುಗಳನ್ನೂ ಇನ್ನೊಂದು ಕಡೆಗೆ ಮಾಮೂಲಿ ಹೊಸ ಬ್ಲೇಡುಗಳನ್ನೂ ಬಿಗಿದು ಹೊಲಗಳಿಗೆ ಇಳಿದರು. ಒಂದು ದಿನ ಹೊಲದಿಂದಲೇ ಫೋನ್ ಮಾಡಿದರು. ಫೋನನ್ನು ನೆಲದ ಹತ್ತಿರ ಹಿಡಿಯಿರಿ ಎಂದು ಕೇಳಿಕೊಂಡೆ.

"ಟ್ರ್ಯಾಕ್ಟರ್ ಸದ್ದಲ್ದೆ ಇನ್ನೇನ್ ಕೇಳುತ್ತವ್ವಾ?"

"ಇರಲಿ, ಹಿಡೀರಿ ಚಿಕ್ಕಪ್ಪ."

ಹಿಡಿದರು. ಇಂಜಿನ್ನಿನ ಸದ್ದಿನ ನಡುವೆ ಬ್ಲೇಡಿಗೆ ಕಲ್ಲು ತಾಗುವ ಟಣ್ ಎಂಬ ದನಿ ಎರಡು ಸಲ ಕೇಳಿತು. ಅಥವಾ ಕೇಳಿತೆಂದು ನಾನು ಭಾವಿಸಿದೆ.

ಆಷಾಢದಲ್ಲಿ ಸುದ್ದಿ ಬಂತು. "ಆ ಕಡೇವು ಸವೆದು ಚಮಚ ಆಗ್ಯವೆ. ನಿನ್ನವು ಹಂಗೇ ಅವೆ" ಎಂದರು.

ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಕಿರಲಿಲ್ಲ. ಆದರೆ ಹಂಗೇ ಅವೆ ಎಂಬುದನ್ನು ನಾನು ಅಳತೆಮಾಡಿ ತೋರಿಸಬೇಕಿತ್ತು. ಒಂದು ಬ್ಲೇಡನ್ನು ಅಂಚೆಯಲ್ಲಿ ವಾಪಸು ಕಳುಹಿಸುವಂತೆ ಕೇಳಿದೆ. ಹಾಗೆ ಕೇಳುವಾಗಲೇ ಇನ್ನೊಂದು ಮಾತನ್ನೂ ಹೇಳಬೇಕಾಯಿತು. ಹೊರಗಿನ ಮಣ್ಣನ್ನು ಈ ದೇಶದೊಳಕ್ಕೆ ಬಿಡುವುದಿಲ್ಲ. ಒಂದು ಚೂರೂ ಉಳಿಯದಂತೆ ತೊಳೆದು ಕಳುಹಿಸಬೇಕು.

ಚಿಕ್ಕಪ್ಪ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.

"ಮಣ್ಣು ಅಂದ್ರೆ ಅವರಿಗೆ ಅಷ್ಟು ಅಸಹ್ಯಾನಾ?"

ಹಾಗಲ್ಲ, ಮಣ್ಣಿನಲ್ಲಿ ಬೆಳೆಗೆ ರೋಗ ತರುವ ಕ್ರಿಮಿಗಳು ಇರಬಹುದೆಂಬ ಎಚ್ಚರಿಕೆ ಎಂದು ಸರಿಯಾದ ಕಾರಣವನ್ನೇ ಹೇಳಿದೆ. ಹೇಳುತ್ತಿರುವಾಗ ಆ ಸರಿಯಾದ ಕಾರಣ ನನಗೇ ರುಚಿಸಲಿಲ್ಲ. ಪೊಟ್ಟಣ ಬಿಚ್ಚಿದಾಗ ಕೈಗೆ ತಾಗುವ ಒಂದಿಷ್ಟು ಕೆಂಪನ್ನು ನಾನು ಆಗಲೇ ಎದುರುನೋಡತೊಡಗಿದ್ದೆ.

ಸೂಕ್ಷ್ಮದರ್ಶಕದ ಕೋಣೆ

ಪೊಟ್ಟಣ ಬಂತು. ಬ್ಲೇಡು ಹಬ್ಬದ ದಿನದ ಹಿತ್ತಾಳೆಯ ಪಾ‍ತ್ರೆಯಂತೆ ಹೊಳೆಯುತ್ತಿತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಚಿಕ್ಕಮ್ಮ ಎರಡು ದಿನ ತಿಕ್ಕಿದರಂತೆ. ಪರದೇಶದವರ ಮುಂದೆ ನಮ್ಮ ಹುಡುಗಿಗೆ ತಲೆತಗ್ಗಬಾರದು ಎಂಬುದು ಅವರ ಮಾತು. ಬೋಲ್ಟಿನ ತೂತಿನ ಒಳಭಾಗವನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಅಲ್ಲಿಯೂ ಏನೂ ಉಳಿದಿರಲಿಲ್ಲ.

ಅಂಚಿನಿಂದ ಬೆರಳುಗುರಿನಷ್ಟು ಚೂರನ್ನು ಕತ್ತರಿಸಿ, ಯೂಹಾರ ಜೊತೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆಗೆ ಒಯ್ದೆ. ಪರದೆಯ ಮೇಲೆ ಪದರದ ಮೈ ತೆರೆದುಕೊಂಡಿತು. ಕಲ್ಲುಗಳು ಗೀರಿದ ಸಣ್ಣ ಸಣ್ಣ ಸಾಲುಗಳು ಒಂದೇ ದಿಕ್ಕಿಗೆ ಸಾಗಿದ್ದವು. ಆಗ ತಾನೆ ಉತ್ತ ಹೊಲವನ್ನು ಎತ್ತರದಿಂದ ನೋಡಿದಂತಿತ್ತು. ಸಾಲುಗಳು ಆಳವಿರಲಿಲ್ಲ. ಬಿರುಕು ಒಂದೂ ಇರಲಿಲ್ಲ. ಅಳತೆಗಳನ್ನು ಬರೆದುಕೊಂಡೆ.

ಚಿತ್ರವನ್ನು ಸರಿಸುತ್ತಿದ್ದ ಯೂಹಾರ ಕೈ ನಿಂತಿತು. ಒಂದು ಸಾಲಿನ ಕೊನೆಯಲ್ಲಿ, ಲೋಹದೊಳಕ್ಕೆ ಹುದುಗಿಕೊಂಡು, ಚೂಪು ಮೂಲೆಗಳ ಒಂದು ಕಣವಿತ್ತು. ಅದರ ಮೇಲೆ ಎಲೆಕ್ಟ್ರಾನ್ ಕಿರಣವಿಟ್ಟು ಅದು ಯಾವುದರಿಂದಾಗಿದೆ ಎಂದು ನೋಡಿದೆವು. ಸಿಲಿಕಾನ್, ಆಮ್ಲಜನಕ, ಅಂಚಿಗೆ ಅಂಟಿದ ಪುಡಿಯಲ್ಲಿ ಸ್ವಲ್ಪ ಅಲ್ಯೂಮಿನಿಯಂ, ಸ್ವಲ್ಪ ಕಬ್ಬಿಣ. ಬೆಣಚುಕಲ್ಲಿನ ಚೂರು, ಅದರ ಮೇಲೆ ಕೆಂಪು ಮಣ್ಣು. ಹುಣಸೆಹಣ್ಣಿಗೂ ಬೂದಿಗೂ ಸಿಗದೆ, ಸುಂಕದ ಮೇಜನ್ನೂ ದಾಟಿ ಬಂದಿತ್ತು.

ಚಿತ್ರದ ಪ್ರತಿ ಭಾಗಕ್ಕೂ ಹೆಸರು ಕೊಡಬೇಕೆಂಬುದು ನಿಯಮ. ಯೂಹಾ ಕಣದ ಪಕ್ಕದ ಚೌಕದಲ್ಲಿ, ಇಂಥದಕ್ಕೆ ಎಲ್ಲರೂ ಬರೆಯುವಂತೆ, ಹೊರಗಿನ ಕಣ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಅದು ಸರಿಯಾದ ಪದವೇ. ಪಠ್ಯಪುಸ್ತಕಗಳಲ್ಲಿಯೂ ಹಾಗೆಯೇ ಇರುತ್ತದೆ.

"ಅದು ಹೊರಗಿನದಲ್ಲ" ಎಂದೆ.

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಬರೆದದ್ದನ್ನು ಅಳಿಸಿ, ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು, ಮತ್ತೇನೆಂದು ಬರೆಯಲಿ ಎಂದು ಕೇಳಿದರು. ನಾನು ಚೌಳಹಿರಿಯೂರು ಎಂದೆ. ಅವರಿಗೆ ತಿಳಿಯಲಿಲ್ಲ. ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳುತ್ತ ಹೋದೆ, ಅವರು ಟೈಪ್ ಮಾಡುತ್ತ ಹೋದರು. ಚೌಕ ಸಾಲದೆ ಕೊನೆಯ ಅಕ್ಷರಗಳು ಹೊರಗುಳಿದವು.

"ಬಹಳ ಉದ್ದವಾದ ಹೆಸರು" ಎಂದರು ಯೂಹಾ.

"ಹೌದು" ಎಂದೆ. "ನಮ್ಮ ಬಸ್ಸಿನ ಬೋರ್ಡಿನಲ್ಲಿಯೂ ಅದು ಪೂರ್ತಿ ಹಿಡಿಯುವುದಿಲ್ಲ. ಆದರೂ ಜನ ನೋಡಿ ಹತ್ತುತ್ತಾರೆ."